ಓಲೆ ತರುವವನು ಓಲೆ ಓದಬಾರದು
(ಇ-ಮೇಲ್ ಆ್ಯಪುಗಳನ್ನು ಕುರಿತು ಬೆಳೆಗಾರರ ದೃಷ್ಟಿಯಿಂದ ಒಂದು ವಿಚಾರ)

ಕಾಫಿಯ ಪೂಲ್ ಪದ್ಧತಿ 1996ರಲ್ಲಿ ಸಂಪೂರ್ಣವಾಗಿ ಕೊನೆಗೊಂಡಾಗ ಬೆಳೆಗಾರನಿಗೆ ತನ್ನ ಸರಕನ್ನು ತನಗೆ ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ದೊರೆಯಿತು. ಅದರ ಬೆನ್ನಿಗೇ ವ್ಯವಹಾರದ ಕಾಗದಪತ್ರಗಳ ಹೊರೆಯೂ ಅವನ ಹೆಗಲಿಗೆ ಬಂತು. ಅಡಿಕೆ ಬೆಳೆಗಾರರ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಹಿಂದೆ ಮಂಡಿಯ ಚೀಟಿ, ಸಂಘದ ರಸೀದಿ, ಬ್ಯಾಂಕಿನ ಕಾಗದ ಇವಿಷ್ಟನ್ನು ಒಂದು ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕಿದರೆ ವರ್ಷದ ಲೆಕ್ಕವೆಲ್ಲ ಕಣ್ಣೆದುರಿಗೇ ಇರುತ್ತಿತ್ತು. ಈಗ ಕೊಳ್ಳುವವರ ದರಪಟ್ಟಿ, ಕ್ಯೂರಿಂಗ್ ವರ್ಕ್ಸಿನ ಔಟ್‌ಟರ್ನ್ ವರದಿ, ಬೆಳೆ ವಿಮೆಯ ಪತ್ರ, ಬ್ಯಾಂಕಿನ ತಿಂಗಳ ಲೆಕ್ಕ, ಆದಾಯ ತೆರಿಗೆ ಇಲಾಖೆಯ ನೋಟೀಸು ಎಲ್ಲವೂ ಇ-ಮೇಲಿನಲ್ಲಿ ಬರುತ್ತವೆ. ತಂತಿ ಹೋಯಿತು, ಅದರ ಜಾಗಕ್ಕೆ ಅಂಗೈಯಗಲದ ಮೊಬೈಲು ಬಂತು.

ಈ ಬದಲಾವಣೆಯನ್ನು ವಿರೋಧಿಸುವುದು ಈ ಲೇಖನದ ಉದ್ದೇಶವಲ್ಲ. ಒಂದು ಕಾಗದ ಬೆಂಗಳೂರಿನಿಂದ ಮಲೆನಾಡಿನ ಮೂಲೆಗೆ ಬರಲು ಮಳೆಗಾಲದಲ್ಲಿ ವಾರ ಹಿಡಿಯುತ್ತಿದ್ದ ದಿನಗಳನ್ನು ಕಂಡವರು ಯಾರೂ ಇ-ಮೇಲನ್ನು ಬೇಡವೆನ್ನಲಾರರು. ಆದರೆ ಹಳೆಯ ಅಂಚೆಯಿಂದ ನಾವು ಎರಡು ವಿಷಯಗಳನ್ನು ಧೈರ್ಯವಾಗಿ ನಿರೀಕ್ಷಿಸುತ್ತಿದ್ದೆವು. ಕಾಗದ ಯಾರಿಂದ ಬಂತೆಂಬುದು ತಿಳಿಯುವಂತೆ ಅದು ಕೈ ಸೇರಬೇಕು ಎಂಬುದು ಒಂದು. ದಾರಿಯಲ್ಲಿ ಯಾರೂ ಅದನ್ನು ಒಡೆದು ಓದಬಾರದು ಎಂಬುದು ಇನ್ನೊಂದು. ಅಂಚೆ ನೌಕರನು ತನ್ನ ಕರ್ತವ್ಯಕ್ಕೆ ವಿರುದ್ಧವಾಗಿ ಕಾಗದ ಒಡೆದರೆ 1898ರ ಅಂಚೆ ಕಚೇರಿ ಕಾಯ್ದೆಯಲ್ಲಿ ಸೆರೆಮನೆ ಶಿಕ್ಷೆಯೇ ಇತ್ತು. ಆ ಕಾಯ್ದೆಯ ಬದಲಿಗೆ ಈಗ 2023ರ ಹೊಸ ಕಾಯ್ದೆ ಬಂದಿದೆ. ಆದರೆ ನ್ಯಾಯವೇನೂ ಹಳತಾಗಿಲ್ಲ. ಇಂದು ನಮ್ಮ ಕಾಗದ ತಂದುಕೊಡುವ ಕೆಲಸ ಮೊಬೈಲು ಮತ್ತು ಕಂಪ್ಯೂಟರಿನ ಇ-ಮೇಲ್ ಆ್ಯಪುಗಳದ್ದು. ಇವು ಮೇಲಿನ ಎರಡು ಕರ್ತವ್ಯಗಳನ್ನೂ ಸರಿಯಾಗಿ ಮಾಡುತ್ತಿಲ್ಲ, ನಷ್ಟವಾದಾಗ ಮಾತ್ರ ದೂರು ಬೆಳೆಗಾರನ ತಲೆಗೆ ಬರುತ್ತಿದೆ ಎಂಬುದೇ ನಮ್ಮ ಆಕ್ಷೇಪಣೆ. ಇದಕ್ಕೆ ಒಬ್ಬೊಬ್ಬ ಬೆಳೆಗಾರನ ಎಚ್ಚರಿಕೆ ಸಾಲದು, ಸಂಘವೂ ಕೈಹಾಕಬೇಕು ಎಂಬುದು ನಮ್ಮ ಸಲಹೆ.

ಯಾರು ಬರೆದದ್ದೆಂದು ಕಾಣದ ಕಾಗದ

ಇ-ಮೇಲ್ ರವಾನೆಯ ಮೂಲ ನಿಯಮಾವಳಿ 1982ರಲ್ಲಿ ಬರೆಯಲ್ಪಟ್ಟದ್ದು. ಕೆಲವೇ ವಿಶ್ವವಿದ್ಯಾಲಯಗಳೂ ಸಂಶೋಧನಾ ಸಂಸ್ಥೆಗಳೂ ಪರಸ್ಪರ ಬರೆದುಕೊಳ್ಳುತ್ತಿದ್ದ ಕಾಲವದು. ಎಲ್ಲರೂ ಎಲ್ಲರನ್ನೂ ಬಲ್ಲವರೇ ಆಗಿದ್ದರಿಂದ ಕಳುಹಿಸಿದವನ ಹೆಸರು ನಿಜವೇ ಎಂದು ಪರೀಕ್ಷಿಸುವ ಏರ್ಪಾಡನ್ನು ಆ ನಿಯಮಾವಳಿಯಲ್ಲಿ ಇಟ್ಟಿರಲಿಲ್ಲ. ಪರೀಕ್ಷೆಯ ವಿಧಾನಗಳು ಆಮೇಲೆ ಒಂದೊಂದಾಗಿ ಸೇರಿದವು. ಆದರೂ ಮೇಲಿನ ತಲೆಯಲ್ಲಿ ಕಾಣುವ ಹೆಸರು ಇಂದಿಗೂ ಕಳುಹಿಸುವವನು ತಾನೇ ಬರೆದುಕೊಂಡದ್ದು. 'ಬ್ಯಾಂಕ್ ಮ್ಯಾನೇಜರ್' ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು. ನಿಜವಾದ ಗುರುತು ಇರುವುದು ಹೆಸರಿನಲ್ಲಲ್ಲ, ವಿಳಾಸದಲ್ಲಿ.

ಹೀಗಿರುವಾಗ ಆ್ಯಪು ಮೊದಲು ತೋರಿಸಬೇಕಾದ್ದು ಯಾವುದನ್ನು? ವಿಳಾಸವನ್ನಲ್ಲವೇ? ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಮೇಲ್ ತೆರೆದರೆ ಸಾಮಾನ್ಯವಾಗಿ ಹೆಸರಿನ ಪಕ್ಕದಲ್ಲೇ ವಿಳಾಸ ಕಾಣುತ್ತದೆ. ಮೊಬೈಲಿನಲ್ಲಿ ಜಾಗ ಉಳಿಸುವ ನೆಪದಿಂದ ಬರೀ ಹೆಸರನ್ನು ದಪ್ಪ ಅಕ್ಷರದಲ್ಲಿ ತೋರಿಸಿ ವಿಳಾಸವನ್ನು ಮುಚ್ಚಿಡುತ್ತಾರೆ. ಹೆಸರಿನ ಕೆಳಗಿನ ಒಂದು ಸಣ್ಣ ಗುರುತನ್ನು ಮುಟ್ಟಿದರೆ ಮಾತ್ರ ವಿಳಾಸ ಹೊರಬರುತ್ತದೆ. ಆ ಗುರುತು ಅಲ್ಲಿದೆಯೆಂಬುದೇ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕಳೆನಾಶಕದ ಡಬ್ಬಿಯ ಮೇಲೆ ವಿಷದ ಗುರುತನ್ನು ಲೇಬಲ್ಲಿನ ಹಿಂಬದಿಯಲ್ಲಿ ಅಚ್ಚು ಹಾಕಿದ ಹಾಗಾಯಿತು.

ನಮ್ಮ ಹೋಬಳಿಯ ಬೆಳೆಗಾರರೊಬ್ಬರು ಒಂದು ಯಂತ್ರಕ್ಕೆ ಆರ್ಡರು ಕೊಟ್ಟಿದ್ದರು. ಮುಂಗಡ ಕಳುಹಿಸುವ ಹೊತ್ತಿಗೆ, ಮಾರುವವರ ಹೆಸರಿನಲ್ಲೇ, ಹಿಂದಿನ ಪತ್ರವ್ಯವಹಾರವನ್ನೆಲ್ಲ ಕೆಳಗೆ ಸೇರಿಸಿ ಒಂದು ಮೇಲ್ ಬಂತು. ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹೊಸ ಖಾತೆಗೆ ಕಟ್ಟಿ ಎಂದು ಅದರಲ್ಲಿತ್ತು. ಇವರು ಒಣಗಿಸುವ ಕಣದಲ್ಲಿ ನಿಂತು ಮೊಬೈಲಿನಲ್ಲಿ ಓದಿದರು. ಸಂಜೆ ಹಣ ಕಟ್ಟಿಸಿದರು. ಮುಂದೆ ಊರಿಗೆ ಬಂದ ಮಗ ಕಂಪ್ಯೂಟರಿನಲ್ಲಿ ತೆರೆದು ನೋಡಿದಾಗ ವಿಳಾಸದಲ್ಲಿ ಒಂದಕ್ಷರ ಬೇರೆಯಾಗಿದ್ದುದು ಕಂಡಿತು. ಇಂಗ್ಲಿಷಿನ ಸಣ್ಣ 'ಆರ್' ಮತ್ತು 'ಎನ್' ಅಕ್ಷರಗಳನ್ನು ಒತ್ತೊತ್ತಾಗಿ ಬರೆದರೆ 'ಎಂ' ಎಂದೇ ಕಾಣುತ್ತದೆ. ಕಳ್ಳರಿಗೆ ಇದು ಚೆನ್ನಾಗಿ ಗೊತ್ತು. 'ಓದಿದವರೇ ಹೀಗೆ ಮೋಸಹೋದರೆ ಹೇಗೆ' ಎಂದು ಊರಿನವರು ಆಡಿಕೊಂಡರು. ವಿಳಾಸವನ್ನೇ ತೋರಿಸದೆ ಹೆಸರನ್ನು ದಪ್ಪಕ್ಷರದಲ್ಲಿ ತೋರಿಸಿದ ಆ್ಯಪನ್ನು ಮಾತ್ರ ಯಾರೂ ಕೇಳಲಿಲ್ಲ. ತಕ್ಕಡಿಯ ಮುಳ್ಳನ್ನು ಬಟ್ಟೆಯಿಂದ ಮುಚ್ಚಿ ತೂಕ ಮಾಡಿದರೆ ಅಡಿಕೆ ತಂದವನನ್ನು ದಡ್ಡನೆನ್ನುವುದು ನ್ಯಾಯವೇ?

ಇಟ್ಟಲ್ಲಿ ಇರದ ಕಾಗದ

ಎರಡನೆಯ ತೊಂದರೆ ದಿನನಿತ್ಯದ್ದು. ಬಂದ ಮೇಲ್ ಇದ್ದಲ್ಲಿ ಇರುವುದಿಲ್ಲ. ಅಡಿಕೆ ಸುಲಿದು ಒರಟಾದ, ಒದ್ದೆಯಾದ ಹೆಬ್ಬೆರಳು ಪರದೆಯ ಮೇಲೆ ಸ್ವಲ್ಪ ಅಡ್ಡಕ್ಕೆ ಜಾರಿದರೆ ಸಾಕು, ಮೇಲ್ ಪಟ್ಟಿಯಿಂದ ಮಾಯ. ಕೆಲವು ಆ್ಯಪುಗಳಲ್ಲಿ ಅದು ಹಳೆಯ ಕಡತಕ್ಕೆ ಹೋಗಿರುತ್ತದೆ, ಕೆಲವುಗಳಲ್ಲಿ ಕಸದ ಬುಟ್ಟಿಗೆ. ಜಿಮೇಲಿನ ಕಸದ ಬುಟ್ಟಿಯಲ್ಲಿ 30 ದಿನ ಕಳೆದ ಮೇಲೆ ಅದು ಶಾಶ್ವತವಾಗಿ ಅಳಿಸಿಹೋಗುತ್ತದೆ. ಕೊಯ್ಲಿನ ಗಡಿಬಿಡಿಯಲ್ಲಿ 30 ದಿನ ಕಳೆಯುವುದು ಯಾರಿಗೆ ಗೊತ್ತಾಗುತ್ತದೆ? ಇನ್ನು 2013ರಿಂದ ಜಿಮೇಲ್ ತಾನೇ ಮೇಲುಗಳನ್ನು ಬೇರೆಬೇರೆ ವಿಭಾಗಗಳಿಗೆ ಹಂಚುವ ಕ್ರಮವನ್ನು ತಂದಿದೆ. ವಿಮೆಯ ಕೊನೆಯ ದಿನಾಂಕ ತಿಳಿಸುವ ಪತ್ರವೂ ಸೀರೆ ಅಂಗಡಿಯ ರಿಯಾಯಿತಿಯ ಪತ್ರವೂ ಒಂದೇ ವಿಭಾಗದಲ್ಲಿ ಬಿದ್ದಿರುವುದನ್ನು ನಮ್ಮಲ್ಲಿ ಹಲವರು ಕಂಡಿದ್ದಾರೆ.

ಜಾಹೀರಾತಿನ ಕಾಟ ಬೇರೆ. ಉಚಿತವಾಗಿ ಸಿಗುವ ಆ್ಯಪುಗಳಲ್ಲಿ ಬಂದ ಮೇಲುಗಳ ಸಾಲಿನಲ್ಲೇ ಮೇಲಿನ ವೇಷ ಹಾಕಿಕೊಂಡು ಜಾಹೀರಾತು ಕೂತಿರುತ್ತದೆ. ಇದು ನಮ್ಮೊಬ್ಬರ ಗೊಣಗಾಟವಲ್ಲ. ಇನ್‌ಬಾಕ್ಸಿನಲ್ಲಿ ಮೇಲಿನಂತೆಯೇ ತೋರುವ ಜಾಹೀರಾತನ್ನು ಬಳಕೆದಾರನ ಒಪ್ಪಿಗೆಯಿಲ್ಲದೆ ಹಾಕಕೂಡದೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2021ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಫ್ರಾನ್ಸಿನ ಖಾಸಗಿ ಮಾಹಿತಿ ರಕ್ಷಣಾ ಸಂಸ್ಥೆಯು ಜಿಮೇಲಿನ ಇಂತಹ ಜಾಹೀರಾತುಗಳಿಗಾಗಿಯೂ, ಖಾತೆ ತೆರೆಯುವಾಗ ಸರಿಯಾದ ಒಪ್ಪಿಗೆ ಪಡೆಯದೆ ಗುರುತಿನ ಕಡತಗಳನ್ನು ಇಳಿಸಿದ್ದಕ್ಕಾಗಿಯೂ 2025ರ ಸೆಪ್ಟೆಂಬರಿನಲ್ಲಿ ಗೂಗಲ್ ಕಂಪನಿಗೆ 32.5 ಕೋಟಿ ಯೂರೋ ದಂಡ ವಿಧಿಸಿತು. ಅಲ್ಲಿಯ ಬಳಕೆದಾರರಿಗೆ ದೊರೆತ ಈ ರಕ್ಷಣೆ ನಮಗೂ ಏಕೆ ದೊರೆಯಬಾರದು?

ಮತ್ತೊಂದು ವಿಷಯವನ್ನು ಸದಸ್ಯರು ಅವಶ್ಯವಾಗಿ ಗಮನಿಸಬೇಕು. ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವ 15 ಜಿಬಿ ಜಾಗ ಮೇಲಿಗೆ ಮಾತ್ರ ಮೀಸಲಾದುದಲ್ಲ. 2021ರ ಜೂನ್‌ನಿಂದ ಅಲ್ಲಿ ಇಡುವ ಫೋಟೋಗಳೂ ಅದೇ ಲೆಕ್ಕಕ್ಕೆ ಸೇರುತ್ತವೆ. 2024ರಿಂದ ಆಂಡ್ರಾಯ್ಡ್ ಮೊಬೈಲುಗಳ ವಾಟ್ಸ್ಯಾಪ್ ದಾಸ್ತಾನೂ ಅದೇ ಕಣಜಕ್ಕೆ ಬೀಳುತ್ತಿದೆ. ಕಣಜ ತುಂಬಿದರೆ ಹೊಸ ಮೇಲ್ ಬರುವುದು ನಿಂತೇಹೋಗುತ್ತದೆ. ಕಳುಹಿಸಿದವರಿಗೆ ಮೇಲ್ ತಲುಪಲಿಲ್ಲವೆಂದು ವಾಪಸು ಸೂಚನೆ ಹೋಗುತ್ತದೆ. ಬೆಳೆಗಾರನಿಗೆ ಯಾವ ಕಾಗದ ತಪ್ಪಿತೆಂಬುದು ಗೊತ್ತೇ ಆಗುವುದಿಲ್ಲ. ಮೊಮ್ಮಗುವಿನ ನಾಮಕರಣದ ವಿಡಿಯೋ ಮತ್ತು ದಿನ ಬೆಳಗಾದರೆ ಬರುವ ಶುಭೋದಯದ ಚಿತ್ರಗಳು ಸೇರಿ ಬ್ಯಾಂಕಿನ ನೋಟೀಸಿಗೆ ಬಾಗಿಲು ಮುಚ್ಚುತ್ತವೆ.

ಮಲೆನಾಡಿನ ಸಿಗ್ನಲ್ಲಿನ ಕಷ್ಟ ಆ್ಯಪು ತಯಾರಿಸುವವರ ಕಲ್ಪನೆಗೂ ಬಂದಂತಿಲ್ಲ. ಆಷಾಢದಲ್ಲಿ ಮೂರು ದಿನ ಕರೆಂಟಿಲ್ಲದೆ ಟವರು ಮಲಗಿದಾಗ, ನಾವು 'ಕಳುಹಿಸು' ಎಂದು ಒತ್ತಿದ ಮೇಲ್ ಮೊಬೈಲಿನ ಹೊರಪೆಟ್ಟಿಗೆಯಲ್ಲೇ ಕೂತಿರುತ್ತದೆ. ಮೇಲ್ ಹೋಗಿಲ್ಲ, ಇಲ್ಲೇ ಇದೆ ಎಂದು ದೊಡ್ಡ ಅಕ್ಷರದಲ್ಲಿ ಹೇಳಲು ಆ್ಯಪಿಗೇನು ಕಷ್ಟ? ಬೋರ್ಡೋ ಸಿಂಪಡಣೆ ಹಿಡಿಯಿತೋ ಇಲ್ಲವೋ ಎಂಬುದನ್ನು ಎಲೆಯ ಮೇಲಿನ ನೀಲಿ ಬಣ್ಣವೇ ಹೇಳುತ್ತದೆ. ಅಂಥ ಸರಳ ಗುರುತೊಂದು ಇಲ್ಲಿಯೂ ಬೇಕು.

ಬೇಲಿಯೇ ಎದ್ದು ಹೊಲ ಮೇಯ್ದರೆ

ಇದುವರೆಗೆ ಹೇಳಿದ್ದು ಅನುಕೂಲದ ಮಾತಾಯಿತು. ಇನ್ನು ಗುಟ್ಟಿನ ಮಾತು.

ಬೇಡದ ಮೇಲುಗಳಿಂದ ಬಿಡಿಸಿಕೊಡುತ್ತೇವೆಂದು ಹೇಳಿಕೊಂಡು ಅಮೆರಿಕದಲ್ಲಿ 'ಅನ್‌ರೋಲ್ ಮಿ' ಎಂಬ ಉಚಿತ ಸೇವೆಯೊಂದು ಜನಪ್ರಿಯವಾಗಿತ್ತು. ಅದನ್ನು ಬಳಸುವವರು ತಮ್ಮ ಮೇಲ್ ಪೆಟ್ಟಿಗೆಯ ಬೀಗದ ಕೈಯನ್ನು ಅದರ ವಶಕ್ಕೆ ಕೊಡಬೇಕಿತ್ತು. 2017ರ ಏಪ್ರಿಲಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಹೊರಗೆಡಹಿದ ಸಂಗತಿಯೆಂದರೆ, ಈ ಸೇವೆಯ ಒಡೆತನದ ಕಂಪನಿಯು ಗ್ರಾಹಕರ ಮೇಲುಗಳಲ್ಲಿದ್ದ ಲಿಫ್ಟ್ ಟ್ಯಾಕ್ಸಿ ಕಂಪನಿಯ ರಸೀದಿಗಳ ವಿವರವನ್ನು, ಹೆಸರುಗಳನ್ನು ತೆಗೆದು, ಅದರ ಪ್ರತಿಸ್ಪರ್ಧಿಯಾದ ಊಬರ್ ಕಂಪನಿಗೆ ಮಾರುತ್ತಿತ್ತು. ಅಮೆರಿಕದ ವಾಣಿಜ್ಯ ಆಯೋಗ 2019ರಲ್ಲಿ ಈ ಸೇವೆಯ ಮೇಲೆ ಕ್ರಮ ಕೈಗೊಂಡು, ಹಾಗೆ ಕೂಡಿಟ್ಟ ರಸೀದಿಗಳನ್ನು ಅಳಿಸುವಂತೆ ಕಟ್ಟುಮಾಡಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಂದು ಮಂಡಿಯ ಚೀಟಿಗಳನ್ನೆಲ್ಲ ಅಂಚೆಯವನು ನಕಲು ಮಾಡಿ ಎದುರು ಮಂಡಿಯವನಿಗೆ ಮಾರಿದಂತೆ. ಹೆಸರು ತೆಗೆದರೇನು? ಯಾವ ಊರಿನಿಂದ ಎಷ್ಟು ಮಾಲು ಯಾವ ದರಕ್ಕೆ ಹೋಯಿತೆಂಬುದು ಗೊತ್ತಾದರೆ ವ್ಯಾಪಾರಿಗೆ ಅಷ್ಟೇ ಸಾಕು.

ಇನ್ನೊಂದು ಉದಾಹರಣೆ. ಜಿಮೇಲಿಗೆ ಜೋಡಿಸಿಕೊಳ್ಳುವ ಹೊರಗಿನ ಆ್ಯಪುಗಳ ಬಗ್ಗೆ 2018ರ ಜುಲೈಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ದೀರ್ಘ ವರದಿಯೊಂದನ್ನು ಪ್ರಕಟಿಸಿತು. ರಿಟರ್ನ್ ಪಾತ್ ಎಂಬ ಕಂಪನಿಯ ನೌಕರರು ತಮ್ಮ ಯಂತ್ರವನ್ನು ಪಳಗಿಸುವುದಕ್ಕಾಗಿ ಜನರ ಸುಮಾರು 8,000 ಮೇಲುಗಳನ್ನು ಸ್ವತಃ ಓದಿದ್ದರೆಂದು ಅದರಲ್ಲಿತ್ತು. ಇಲ್ಲಿ ಓದಿದ್ದು ಯಂತ್ರವಲ್ಲ, ಮನುಷ್ಯರು. ಷರತ್ತುಗಳ ಪಟ್ಟಿಗೆ ಬಳಕೆದಾರರು ಒಪ್ಪಿದ್ದಾರೆಂಬುದು ಕಂಪನಿಗಳ ಸಮಜಾಯಿಷಿ. ಹತ್ತಾರು ಪುಟಗಳ ಇಂಗ್ಲಿಷ್ ಷರತ್ತನ್ನು ಓದಿ 'ಒಪ್ಪಿದೆ' ಎಂದು ಒತ್ತಿದವರು ನಮ್ಮ ತಾಲ್ಲೂಕಿನಲ್ಲಿ ಒಬ್ಬರಾದರೂ ಇದ್ದರೆ ಅವರಿಗೆ ಮಹಾಸಭೆಯಲ್ಲಿ ಶಾಲು ಹೊದಿಸಬೇಕು.

ಕಂಪ್ಯೂಟರಿನ ಆ್ಯಪುಗಳೂ ಇದಕ್ಕೆ ಹೊರತಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ಮೊದಲಿನಿಂದ ಇದ್ದ ಸರಳವಾದ 'ಮೇಲ್' ಆ್ಯಪಿಗೆ ಮೈಕ್ರೋಸಾಫ್ಟ್ ಕಂಪನಿ 2024ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿ, ಎಲ್ಲರನ್ನೂ ಹೊಸ ಔಟ್‌ಲುಕ್ಕಿಗೆ ಸಾಗಹಾಕಿತು. ಈ ಹೊಸ ಆ್ಯಪಿನಲ್ಲಿ ಬೇರೆ ಸಂಸ್ಥೆಯ ಮೇಲ್ ಖಾತೆಯನ್ನು ಸೇರಿಸಿದಾಗ, ಆ ಖಾತೆಯ ಗುಪ್ತಪದವೂ ಮೈಕ್ರೋಸಾಫ್ಟಿನ ಕಂಪ್ಯೂಟರುಗಳಿಗೆ ಹೋಗುತ್ತದೆಂದು ಜರ್ಮನಿಯ ಹೈಸೆ ಪ್ರಕಾಶನದವರು 2023ರ ನವೆಂಬರಿನಲ್ಲಿ ಪರೀಕ್ಷಿಸಿ ಬರೆದರು. ಮೇಲುಗಳ ಪ್ರತಿ ನಮ್ಮ ಸರ್ವರಿಗೆ ಬರುತ್ತದೆಂದು ಕಂಪನಿ ಒಂದು ಸೂಚನೆಯನ್ನೇನೋ ತೋರಿಸುತ್ತದೆ. ಆದರೆ ಬೀಗದ ಕೈಯೇ ಹೋಗುತ್ತದೆಂಬುದು ಆ ಸೂಚನೆಯಿಂದ ಸಾಮಾನ್ಯನಿಗೆ ತಿಳಿಯುವಂತಿಲ್ಲ. ಇದಕ್ಕೂ ಮೊದಲೇ, ಇಂಥದೇ ಕಾರಣಕ್ಕೆ ಐರೋಪ್ಯ ಸಂಸತ್ತು 2015ರಲ್ಲಿ ತನ್ನ ಸದಸ್ಯರು ಔಟ್‌ಲುಕ್ಕಿನ ಮೊಬೈಲ್ ಆ್ಯಪು ಬಳಸದಂತೆ ತಡೆಹಾಕಿತ್ತು.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಕಾಣದ ಚುಕ್ಕೆಯ ಉಪಾಯ. ಕಳುಹಿಸುವವನು ಮೇಲಿನೊಳಗೆ ಕಣ್ಣಿಗೆ ಬೀಳದಷ್ಟು ಸಣ್ಣ ಚಿತ್ರವೊಂದನ್ನು ಸೇರಿಸುತ್ತಾನೆ. ನಾವು ಮೇಲ್ ತೆರೆದಾಗ ಆ ಚಿತ್ರ ಅವನ ಕಂಪ್ಯೂಟರಿನಿಂದ ಇಳಿಯುತ್ತದೆ. ಆ ಗಳಿಗೆಯಲ್ಲೇ ನಾವು ತೆರೆದೆವೆಂಬುದೂ, ಎಷ್ಟು ಹೊತ್ತಿಗೆ ತೆರೆದೆವೆಂಬುದೂ, ಕೆಲವು ಸಂದರ್ಭಗಳಲ್ಲಿ ಸುಮಾರಾಗಿ ಯಾವ ಊರಿನಲ್ಲಿದ್ದೇವೆಂಬುದೂ ಅವನಿಗೆ ತಿಳಿಯುತ್ತದೆ. ಕೊಳ್ಳುವವನೊಬ್ಬ ಚೆರಿಗೆ ದರ ಬರೆದು ಕಳುಹಿಸಿದನೆನ್ನಿ. ನೀವು ಉತ್ತರ ಕೊಡದೆ ಬಿಗಿಯಾಗಿ ಕೂತಿದ್ದೀರಿ. ಆದರೆ ರಾತ್ರಿ ನಾಲ್ಕು ಸಲ ಆ ಮೇಲನ್ನು ತೆರೆದು ನೋಡಿದ್ದೀರೆಂಬುದು ಅವನಿಗೆ ಗೊತ್ತಾದರೆ, ಬೆಳಗ್ಗೆ ಅವನು ದರ ಏರಿಸುತ್ತಾನೆಯೇ? ಜಿಮೇಲ್ 2013ರ ಕೊನೆಯಿಂದ ಚಿತ್ರಗಳನ್ನು ತನ್ನ ಮೂಲಕವೇ ತರಿಸುತ್ತಿರುವುದರಿಂದ ಊರಿನ ಸುಳಿವು ಸಿಗುವುದಿಲ್ಲ. ಆದರೂ ಮೇಲ್ ತೆರೆದ ಸುದ್ದಿ ತಲುಪಬಹುದು. ಆ್ಯಪಲ್ ಕಂಪನಿ 2021ರಲ್ಲಿ ತನ್ನ ಮೇಲ್ ಆ್ಯಪಿನಲ್ಲಿ ಈ ಸುದ್ದಿಯೂ ನಂಬುವಂತಿರದ ಹಾಗೆ ಏರ್ಪಾಡು ಮಾಡಿತು. ಅಂದರೆ ತಡೆಯುವುದು ಸಾಧ್ಯವಿದೆ. ಮನಸ್ಸು ಬೇಕು, ಅಷ್ಟೆ.

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಮೋಸದ ಮೇಲುಗಳನ್ನು ಆರಿಸಿ ಹಾಕಬೇಕಾದರೆ ಯಂತ್ರ ಮೇಲಿನ ಒಳಗನ್ನು ನೋಡಲೇಬೇಕು. ಕಪ್ಪು ಬೀಜ ಆರಿಸಲು ಚೀಲ ಬಿಚ್ಚಲೇಬೇಕಲ್ಲ. ಜಾಹೀರಾತಿಗಾಗಿ ಜಿಮೇಲಿನ ಮೇಲುಗಳನ್ನು ಜಾಲಾಡುವುದನ್ನು ನಿಲ್ಲಿಸುವುದಾಗಿ ಗೂಗಲ್ 2017ರಲ್ಲಿ ಘೋಷಿಸಿತು. ಅದು ಸ್ವಾಗತಾರ್ಹ. ನಮ್ಮ ಕಾವಲಿಗಾಗಿ ನೋಡುವುದು ಬೇರೆ, ನಮ್ಮನ್ನು ಮಾರುವುದಕ್ಕಾಗಿ ನೋಡುವುದು ಬೇರೆ. ಈ ಎರಡರ ನಡುವಿನ ಗಡಿಕಲ್ಲು ಎಲ್ಲಿದೆಯೆಂದು ಬಳಕೆದಾರನಿಗೆ ಅರ್ಥವಾಗುವ ಭಾಷೆಯಲ್ಲಿ ತೋರಿಸಬೇಕೆಂಬುದಷ್ಟೇ ನಮ್ಮ ಒತ್ತಾಯ.

ನಮ್ಮಲ್ಲಿ ಮುಚ್ಚಿಡುವಂಥದ್ದೇನಿದೆ?

ಈ ಮಾತನ್ನು ಹಿರಿಯ ಸದಸ್ಯರೇ ಕೇಳುತ್ತಾರೆ. 'ನಾವೇನು ಕಳ್ಳವ್ಯಾಪಾರ ಮಾಡುತ್ತೇವೆಯೇ? ಓದಿದರೆ ಓದಿಕೊಳ್ಳಲಿ' ಎನ್ನುತ್ತಾರೆ. ಅವರ ಮೇಲ್ ಪೆಟ್ಟಿಗೆಯಲ್ಲಿ ಏನೇನಿದೆಯೆಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಬೆಳೆಸಾಲದ ಕಂತಿನ ದಿನಾಂಕ ಇದೆ. ಗೋದಾಮಿನಲ್ಲಿ ಎಷ್ಟು ಚೀಲ ಉಳಿದಿದೆಯೆಂಬುದು ಇದೆ. ಪಹಣಿಯ ಪ್ರತಿ, ಆಧಾರಿನ ಪ್ರತಿ, ಆಸ್ಪತ್ರೆಯ ವರದಿ, ಅಣ್ಣತಮ್ಮಂದಿರ ಪಾಲಿನ ವಿಚಾರದಲ್ಲಿ ವಕೀಲರು ಬರೆದ ಪತ್ರ ಇವೆ. ಕಾಫಿ ಬೆಳೆಗಾರರಿಗಂತೂ ಇನ್ನೊಂದು ಹೊಸದು ಸೇರಿದೆ. ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮದ ಪ್ರಕಾರ ಅಲ್ಲಿಗೆ ಹೋಗುವ ಕಾಫಿ ಬೆಳೆದ ಜಾಗದ ಅಕ್ಷಾಂಶ ರೇಖಾಂಶವನ್ನು ಕೊಡಬೇಕಾಗುತ್ತದೆ. ಅದರ ಜಾರಿ ಎರಡು ಸಲ ಮುಂದಕ್ಕೆ ಹೋಗಿದ್ದರೂ ಕೊಳ್ಳುವವರು ವಿವರ ಕೇಳುವುದನ್ನು ನಿಲ್ಲಿಸುವುದಿಲ್ಲ. ಹೀಗೆ ತೋಟದ ಗಡಿಯೂ ಮೇಲಿನಲ್ಲೇ ಹೋಗುತ್ತದೆ.

ಮಾರ್ಚ್ ತಿಂಗಳಲ್ಲಿ ಬ್ಯಾಂಕಿಗೆ ಕಟ್ಟಬೇಕಾದ ಬೆಳೆಗಾರ ಯಾರೆಂದು ವ್ಯಾಪಾರಿಗೆ ಮೊದಲೇ ಗೊತ್ತಾದರೆ ದರ ಯಾವ ಕಡೆ ವಾಲುತ್ತದೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗುಟ್ಟೆಂದರೆ ಪಾಪವನ್ನು ಮುಚ್ಚಿಡುವುದಲ್ಲ, ಚೌಕಾಶಿಯಲ್ಲಿ ಸೋಲದಿರುವುದು. ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಹೆಮ್ಮೆಯ ವಿಷಯ. ಅದರ ಮುಂದುವರಿಕೆಯಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಮುಖ್ಯವಾದ ಕಟ್ಟಳೆಗಳನ್ನು ಪಾಲಿಸಲು ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲಿಯೂ, ಓದುವ ಅವಕಾಶವಿರಬೇಕೆಂದು ಈ ಕಾಯ್ದೆ ಹೇಳುತ್ತದೆ. ಈ ಅವಕಾಶವನ್ನು ನಾವು ಕೇಳಿ ಪಡೆಯಬೇಕು.

ವಾಟ್ಸ್ಯಾಪ್ ಇರುವಾಗ ಇ-ಮೇಲಿನ ಗೊಡವೆಯೇಕೆ ಎನ್ನುವವರೂ ಇದ್ದಾರೆ. ವಾಟ್ಸ್ಯಾಪ್ ಒಂದು ಕಂಪನಿಯ ಸ್ವತ್ತು. ಇ-ಮೇಲ್ ಯಾರೊಬ್ಬರ ಸ್ವತ್ತೂ ಅಲ್ಲ. ಅದೇ ವಿಳಾಸವನ್ನು ಇಟ್ಟುಕೊಂಡು ಆ್ಯಪನ್ನು ಮಾತ್ರ ಬದಲಾಯಿಸಬಹುದು. ಹಳೆಯ ಮೇಲುಗಳನ್ನು ಕಂಪ್ಯೂಟರಿಗೆ ಇಳಿಸಿ ಜೋಪಾನ ಮಾಡಬಹುದು. ಇಷ್ಟು ಸ್ವಾತಂತ್ರ್ಯವಿರುವ ಸಾಧನವನ್ನು ಕೆಟ್ಟ ಆ್ಯಪುಗಳ ದೆಸೆಯಿಂದ ಕೈಬಿಡುವುದು ಜಾಣತನವಲ್ಲ.

ನಮ್ಮ ಮನೆಯ ಬಾಗಿಲು

ಕಂಪನಿಗಳನ್ನು ದೂರುವಷ್ಟರಿಂದಲೇ ನಮ್ಮ ಹೊಣೆ ತೀರುವುದಿಲ್ಲ. ನಮ್ಮಲ್ಲಿ ಎಷ್ಟೋ ಸದಸ್ಯರ ಇ-ಮೇಲ್ ವಿಳಾಸವನ್ನು ಮಾಡಿಕೊಟ್ಟವರು ಪೇಟೆಯ ಕಂಪ್ಯೂಟರ್ ಸೆಂಟರಿನವರು. ಸಬ್ಸಿಡಿ ಅರ್ಜಿಗೋ ಪಾನ್ ಕಾರ್ಡಿಗೋ ಅವಸರದಲ್ಲಿ ಮಾಡಿದ ವಿಳಾಸ ಅದು. ಗುಪ್ತಪದ ಸೆಂಟರಿನ ನೋಟ್‌ಬುಕ್ಕಿನಲ್ಲಿದೆ. ಗುಪ್ತಪದ ಮರೆತಾಗ ಸಂಕೇತ ಸಂಖ್ಯೆ ಬರುವುದು ಅಲ್ಲಿಯ ಹುಡುಗನ ಮೊಬೈಲಿಗೆ. ಅಂದಮೇಲೆ ಅದು ಯಾರ ಪೆಟ್ಟಿಗೆ? ಎರಡು ವರ್ಷ ಬಳಸದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸಲು ಆರಂಭಿಸಿದೆ. ಅಂಥ ವಿಳಾಸವನ್ನೇ ಬ್ಯಾಂಕಿಗೆ ಕೊಟ್ಟು ಮರೆತವರು ಇಂದೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ತೋಟದ ರೈಟರ ವಿಷಯವೂ ಹಾಗೆಯೇ. ಅನುಕೂಲಕ್ಕೆಂದು ಧಣಿಗಳ ಮೇಲನ್ನು ರೈಟರ ಮೊಬೈಲಿನಲ್ಲಿಯೂ ತೆರೆದಿರುತ್ತಾರೆ. ನಂಬಿಕಸ್ಥರೇ ಇರಬಹುದು. ಆದರೆ ಅವರು ಕೆಲಸ ಬಿಟ್ಟು ಬೇರೆ ತೋಟಕ್ಕೆ ಹೋಗುವಾಗ ಗೋದಾಮಿನ ಬೀಗದ ಕೈ ವಾಪಸು ಪಡೆಯುವ ನಾವು ಮೇಲಿನ ಬೀಗದ ಕೈಯನ್ನು ಕೇಳುವುದಿಲ್ಲ. ಇದರಲ್ಲಿ ರೈಟರ ದೋಷವಿಲ್ಲ. ಕೇಳಿ ಪಡೆಯುವ ಪದ್ಧತಿ ನಮ್ಮಲ್ಲಿ ಬೆಳೆಯಬೇಕು.

ಸದಸ್ಯರು ತಮ್ಮ ಮಟ್ಟಿಗೆ ಮಾಡಬಹುದಾದ ಕೆಲವು ಕೆಲಸಗಳಿವೆ:

1. ಹಣದ ಮಾತಿರುವ ಯಾವುದೇ ಮೇಲಿನಲ್ಲಿ ಹೆಸರನ್ನು ಮುಟ್ಟಿ ಪೂರ್ತಿ ವಿಳಾಸ ನೋಡಬೇಕು. ಬ್ಯಾಂಕ್ ಖಾತೆ ಬದಲಾಗಿದೆ ಎಂದಿದ್ದರೆ, ಆ ಮೇಲಿನಲ್ಲಿರುವ ನಂಬರಿಗಲ್ಲ, ಮೊದಲಿನಿಂದ ನಮ್ಮಲ್ಲಿರುವ ನಂಬರಿಗೆ ಫೋನು ಮಾಡಿ ಕೇಳದೆ ಒಂದು ಪೈಸೆಯನ್ನೂ ಕಳುಹಿಸಬಾರದು.

2. ಖಾತೆಯ ಸೆಟ್ಟಿಂಗಿನಲ್ಲಿ ಸಂಕೇತ ಸಂಖ್ಯೆ ಬರುವ ಮೊಬೈಲ್ ನಂಬರು ತಮ್ಮದೇ ಎಂದು ಖಾತ್ರಿ ಮಾಡಿಕೊಂಡು, ಗುಪ್ತಪದ ಬದಲಾಯಿಸಿ, ಎರಡು ಹಂತದ ಪರೀಕ್ಷೆಯನ್ನು ಹಾಕಿಕೊಳ್ಳಬೇಕು.

3. ಯಾವ ಯಾವ ಮೊಬೈಲಿನಲ್ಲಿ, ಯಾವ ಹೊರಗಿನ ಆ್ಯಪುಗಳಲ್ಲಿ ತಮ್ಮ ಖಾತೆ ತೆರೆದಿದೆಯೆಂಬ ಪಟ್ಟಿ ಅದೇ ಸೆಟ್ಟಿಂಗಿನಲ್ಲಿ ಸಿಗುತ್ತದೆ. ಬೇಡದವುಗಳನ್ನು ತೆಗೆದುಹಾಕಬೇಕು.

4. ಹೊರಗಿನ ಚಿತ್ರಗಳನ್ನು ಕೇಳದೆ ತೋರಿಸಬೇಡ ಎಂಬ ಆಯ್ಕೆಯನ್ನು ಹಾಕಿದರೆ ಕಾಣದ ಚುಕ್ಕೆಯ ಉಪಾಯ ಹೆಚ್ಚಿನಂಶ ನಡೆಯುವುದಿಲ್ಲ.

5. ಮೇಲ್ ಆ್ಯಪನ್ನು ಹಾಕಿಕೊಳ್ಳುವಾಗ ಅದರ ಸಂಪಾದನೆ ಎಲ್ಲಿಂದ ಎಂದು ಕೇಳಬೇಕು. ಥಂಡರ್‌ಬರ್ಡ್ ಎಂಬುದು ಬಳಕೆದಾರರ ದೇಣಿಗೆಯಿಂದ ನಡೆಯುವ ಆ್ಯಪು. ಕಂಪ್ಯೂಟರಿನಲ್ಲಿ 2004ರಿಂದ ಇದೆ. 2024ರ ಅಕ್ಟೋಬರಿನಲ್ಲಿ ಆಂಡ್ರಾಯ್ಡಿಗೂ ಬಂತು. ನೋಡಲು ಸಾದಾ, ಕೆಲಸಕ್ಕೆ ಸಾಕು.

ಹಣ ಹೋಗಿಯೇಬಿಟ್ಟರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಫೋನು ಮಾಡಬೇಕು. ತಡಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ಹರಿದು ಹೋಗುತ್ತದೆ.

ಸಂಘದ ಹೊಣೆ

ನಮ್ಮ ಸಂಘವೂ ಈ ವಿಷಯದಲ್ಲಿ ತನ್ನನ್ನು ತಿದ್ದಿಕೊಳ್ಳಬೇಕಾಗಿದೆ. ಸಭೆಯ ನೋಟೀಸು ಕಳುಹಿಸುವಾಗ ಎಲ್ಲ ಸದಸ್ಯರ ವಿಳಾಸಗಳನ್ನೂ ತಲೆಯಲ್ಲೇ ಸಾಲಾಗಿ ಬರೆದು ಕಳುಹಿಸುವ ಅಭ್ಯಾಸವಿದೆ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ ಕಳುಹಿಸುವ ಸೌಕರ್ಯ ಪ್ರತಿಯೊಂದು ಆ್ಯಪಿನಲ್ಲಿಯೂ ಇದೆ. ಒಬ್ಬ ಸದಸ್ಯರ ಮೇಲ್ ಕಳ್ಳರ ಕೈಗೆ ಸಿಕ್ಕಿದರೆ ಇಡೀ ಸದಸ್ಯರ ಪಟ್ಟಿಯೇ ಸಿಕ್ಕಿದಂತಾಗುವುದೆಂಬ ಯೋಚನೆ ಕಚೇರಿಗೆ ಇರಬೇಕು. ಆಧಾರಿನ ಪ್ರತಿಯನ್ನು ಮೇಲಿನಲ್ಲಿ ಕಳುಹಿಸಿ ಎಂದು ಕೇಳುವುದೂ ನಿಲ್ಲಬೇಕು. ಕೌಂಟರಿನಲ್ಲಿ ತೋರಿಸಿದರೆ ಸಾಕಾಗಬೇಕು.

ಇದರ ಜೊತೆಗೆ ಮೂರು ಕೆಲಸಗಳನ್ನು ಆಡಳಿತ ಮಂಡಳಿ ತಡಮಾಡದೆ ಕೈಗೊಳ್ಳಬಹುದು. ಮೊದಲನೆಯದಾಗಿ, ಸಂಘದ ಅಧಿಕೃತ ಇ-ಮೇಲ್ ವಿಳಾಸವನ್ನು ಪ್ರತಿಯೊಂದು ರಸೀದಿಯ ಮೇಲೂ ಅಚ್ಚು ಹಾಕಿಸಿ, 'ಸಂಘದ ಬ್ಯಾಂಕ್ ಖಾತೆ ಬದಲಾವಣೆಯನ್ನು ಎಂದಿಗೂ ಇ-ಮೇಲಿನಲ್ಲಿ ತಿಳಿಸುವುದಿಲ್ಲ' ಎಂದು ಅದರ ಕೆಳಗೆ ಬರೆಸಬೇಕು. ಎರಡನೆಯದಾಗಿ, ಸಂಘದ ಹೆಸರಿನಲ್ಲಿ ಬೇರೆಯವರು ಮೇಲ್ ಕಳುಹಿಸದಂತೆ ತಾಂತ್ರಿಕ ಮುದ್ರೆಯನ್ನು ಹಾಕಿಸಬೇಕು. ಇಂಥ ಮುದ್ರೆಯಿಲ್ಲದ ಮೇಲುಗಳನ್ನು ತಿರಸ್ಕರಿಸಬಹುದೆಂದು ಜಿಮೇಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ನಿಯಮ ಮಾಡಿರುವುದರಿಂದ, ಇದನ್ನು ಮಾಡದಿದ್ದರೆ ನಮ್ಮ ನೋಟೀಸುಗಳೇ ಸದಸ್ಯರಿಗೆ ತಲುಪದೇ ಹೋದಾವು. ಮೂರನೆಯದಾಗಿ, ಕೊಯ್ಲು ಮುಗಿದು ಬಿಡುವಾಗುವ ಏಪ್ರಿಲ್ ತಿಂಗಳಲ್ಲಿ ಪ್ರತಿ ಶಾಖೆಯಲ್ಲೂ ಒಂದು ದಿನದ ಶಿಬಿರ ನಡೆಸಬೇಕು. ಸದಸ್ಯರು ತಮ್ಮ ಮೊಬೈಲನ್ನೇ ತರಲಿ. ಓದಿದ ಹುಡುಗ ಹುಡುಗಿಯರು ಪಕ್ಕದಲ್ಲಿ ಕೂತು, ಮೊಬೈಲನ್ನು ಕಸಿದುಕೊಂಡು ತಾವೇ ಮಾಡಿ ಮುಗಿಸದೆ, ಅವರ ಕೈಯಿಂದಲೇ ಮಾಡಿಸಲಿ. ಮನೆಯ ಹೆಂಗಸರನ್ನೂ ಅವಶ್ಯವಾಗಿ ಕರೆಯಬೇಕು. ಅನೇಕ ಮನೆಗಳಲ್ಲಿ ಲೆಕ್ಕ ನೋಡುವವರು ಅವರೇ.

ಆ್ಯಪು ತಯಾರಿಸುವ ದೊಡ್ಡ ಕಂಪನಿಗಳಿಗೆ ಒಬ್ಬ ಬೆಳೆಗಾರನ ಮಾತು ಕೇಳಿಸಲಾರದು. ಆದರೆ ಒಬ್ಬೊಬ್ಬನ ಮಾತು ಕೇಳಿಸದಿದ್ದಾಗ ಒಟ್ಟಾಗಿ ಹೇಳುವುದಕ್ಕೆಂದೇ ಅಲ್ಲವೇ ನಮ್ಮ ಹಿರಿಯರು ಸಹಕಾರ ಸಂಘಗಳನ್ನು ಕಟ್ಟಿದ್ದು? ತೂಕದಲ್ಲಿ ಮೋಸವಾದಾಗ ಸಂಘ ಎದ್ದು ನಿಂತಿತು; ದರದಲ್ಲಿ ಅನ್ಯಾಯವಾದಾಗ ನಿಂತಿತು. ಮೊಬೈಲಿನಲ್ಲಿ ಕಳುಹಿಸಿದವರ ಪೂರ್ತಿ ವಿಳಾಸ ಮೊದಲೇ ಕಾಣಬೇಕು, ಷರತ್ತುಗಳು ಕನ್ನಡದಲ್ಲಿರಬೇಕು, ಜಾಹೀರಾತು ಮೇಲಿನ ವೇಷ ಹಾಕಬಾರದು, ಬೆಳೆಗಾರನ ಪತ್ರ ಮಾರಾಟದ ಸರಕಾಗಬಾರದು ಎಂಬ ನಾಲ್ಕು ಬೇಡಿಕೆಗಳ ಠರಾವೊಂದನ್ನು ಬರುವ ವಾರ್ಷಿಕ ಮಹಾಸಭೆಯಲ್ಲಿ ಮಂಡಿಸಿ, ಕೇಂದ್ರ ಸರ್ಕಾರದ ಸಂಬಂಧಪಟ್ಟ ಇಲಾಖೆಗೂ ನಮ್ಮ ಸಂಸತ್ ಸದಸ್ಯರಿಗೂ ಕಳುಹಿಸಿಕೊಡಬೇಕೆಂದು ಕೋರುತ್ತೇವೆ. ಸದಸ್ಯ ಬಾಂಧವರು ತಮ್ಮ ಅನುಭವಗಳನ್ನೂ ಭಿನ್ನಾಭಿಪ್ರಾಯಗಳನ್ನೂ ಸಂಘದ ಕಚೇರಿಗೆ ಬರೆದು ತಿಳಿಸಲಿ. ಇ-ಮೇಲಿನಲ್ಲಿ ಬರೆದರೂ ಸರಿಯೇ. ಕಳುಹಿಸುವ ಮೊದಲು ವಿಳಾಸವನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳಲಿ.

— ಒಬ್ಬ ಸದಸ್ಯ ಬೆಳೆಗಾರ